ಹಳೆಯ ಹಳ್ಳಿಯ ಅಗೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಟೆಯನ್ನೋ ರಾಜರ ಗೋರಿಯನ್ನೋ ಅಗೆದರೆ ನೋಡಲು ಜನ ಸೇರುತ್ತಾರೆ. ಹಳ್ಳಿ ಅಗೆದರೆ "ಇಲ್ಲೇನಿದೆ, ಬರೀ ಮಣ್ಣು" ಅಂತ ಹೊರಟುಬಿಡುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ. ಆದರೆ ಆ ಮಣ್ಣಿನಲ್ಲೇ ಎಲ್ಲ ಇದೆ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಯೂರೋಪಿನವು. ಇತಿಹಾಸಪೂರ್ವದ ರೈತರೂ ಮಧ್ಯಯುಗದ ಶುರುವಿನ ರೈತರೂ ಒಂದೇ ಹೊಲದಲ್ಲಿ ಸಿಗುವುದು ಅಲ್ಲಿ ತೀರಾ ಸಾಮಾನ್ಯ.

ಇತಿಹಾಸಪೂರ್ವ, ಆರಂಭಿಕ ಮಧ್ಯಯುಗ ಅಂದರೆ ಯಾವ ಕಾಲ?

ಮಧ್ಯ ಯೂರೋಪಿನಲ್ಲಿ ಬೇಸಾಯ ಶುರುವಾದದ್ದು ಸುಮಾರು ಕ್ರಿ.ಪೂ. 5500ರಲ್ಲಿ. ಅಲ್ಲಿಂದ ನವಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ ಇವೆಲ್ಲ ಇತಿಹಾಸಪೂರ್ವ. ಆರಂಭಿಕ ಮಧ್ಯಯುಗ ಅಂದರೆ ಪಶ್ಚಿಮದ ರೋಮನ್ ಆಳ್ವಿಕೆ ಕುಸಿದ 5ನೇ ಶತಮಾನದಿಂದ ಸುಮಾರು 10-11ನೇ ಶತಮಾನದವರೆಗೆ. ಮಧ್ಯಯುಗಕ್ಕೆ ಬರವಣಿಗೆ ಇತ್ತಲ್ಲ, ಮತ್ತೆ ಅಗೆಯುವುದು ಯಾಕೆ ಅಂತ ಕೇಳುವವರಿದ್ದಾರೆ. ಬರೆದವರು ಮಠದವರು, ರಾಜರ ಕಡೆಯವರು. ಅವರ ಬರಹದಲ್ಲಿ ಹಳ್ಳಿ ಬರುವುದು ಹೆಚ್ಚಾಗಿ ದಾನ, ಕಂದಾಯದ ಲೆಕ್ಕಕ್ಕೆ. ಮನೆ ಎಷ್ಟು ದೊಡ್ಡದಿತ್ತು, ಒಲೆ ಯಾವ ಮೂಲೆಯಲ್ಲಿತ್ತು ಅನ್ನುವುದನ್ನು ಯಾರೂ ಬರೆದಿಡಲಿಲ್ಲ.

ಮೇಲೆ ಏನೂ ಕಾಣದಿದ್ದರೂ ಇಲ್ಲಿ ಹಳ್ಳಿ ಇತ್ತು ಅಂತ ಹೇಗೆ ಗೊತ್ತಾಗುತ್ತದೆ?

ಬೆಳೆಯೇ ಹೇಳುತ್ತದೆ. ಹಿಂದೆ ಯಾರೋ ತೋಡಿ ತುಂಬಿದ ಕಾಲುವೆ, ಗುಂಡಿಗಳಲ್ಲಿ ಮಣ್ಣು ಸಡಿಲವಾಗಿರುತ್ತದೆ, ತೇವ ಜಾಸ್ತಿ ಹಿಡಿಯುತ್ತದೆ. ಮಳೆ ಕೈಕೊಟ್ಟ ವರ್ಷ ಸುತ್ತಲಿನ ಪೈರು ಒಣಗಿದರೂ ಅಲ್ಲಿನದು ಹಸಿರಾಗಿ, ಎತ್ತರವಾಗಿ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಗೆರೆ ಎಳೆದ ಹಾಗೆ ಕಾಣುತ್ತದೆ. 2018ರ ಬರಗಾಲದ ಬೇಸಿಗೆಯಲ್ಲಿ ಐರ್ಲೆಂಡಿನ ನ್ಯೂಗ್ರೇಂಜ್ ಅನ್ನುವ ನವಶಿಲಾಯುಗದ ಗೋರಿಯ ಹತ್ತಿರದ ಹೊಲವೊಂದರಲ್ಲಿ ದೊಡ್ಡ ವೃತ್ತಾಕಾರದ ರಚನೆಯೊಂದು ಡ್ರೋನ್ ಕಣ್ಣಿಗೆ ಬಿದ್ದದ್ದು ಹೀಗೆ. ಪುರಾತತ್ವದವರಿಗೆ ಬರಗಾಲ ಸುಗ್ಗಿ. ರೈತರ ಮುಂದೆ ಹಾಗೆ ಹೇಳಲಾಗದು, ಅಷ್ಟೆ.

ಇನ್ನೊಂದು ದಾರಿ ಉತ್ತ ಹೊಲದಲ್ಲಿ ಸಾಲಾಗಿ ನಡೆದು ಬೋಕಿ ಚೂರುಗಳನ್ನು ಆರಿಸುವುದು. ಮತ್ತೊಂದು ಮ್ಯಾಗ್ನೆಟೋಮೀಟರ್. ಸುಟ್ಟ ಮಣ್ಣು, ಒಲೆ, ಕುಲುಮೆ, ಕಸ ತುಂಬಿದ ಗುಂಡಿ ಇವೆಲ್ಲ ಭೂಮಿಯ ಕಾಂತಕ್ಷೇತ್ರವನ್ನು ಚೂರೇಚೂರು ಬದಲಿಸುತ್ತವೆ. ಆ ವ್ಯತ್ಯಾಸವನ್ನು ಅಳೆದರೆ ಅಗೆಯದೆಯೇ ನಕ್ಷೆ ಸಿಗುತ್ತದೆ. ಎಲ್ಲ ಮಣ್ಣಿನಲ್ಲೂ ಇದು ಕೆಲಸ ಮಾಡುವುದಿಲ್ಲ. ಸಣ್ಣ ಕಂಬದ ಗುಳಿಗಳು ಅದರಲ್ಲಿ ತಪ್ಪಿಹೋಗುವುದೂ ಉಂಟು.

ಕುಂಚ ಹಿಡಿದು ನಿಧಾನವಾಗಿ ಅಗೆಯಬೇಕಲ್ವಾ? ಜೆಸಿಬಿ ಯಾಕೆ ಬಂದಿದೆ?

ನೋಡಿದವರೆಲ್ಲ ಗಾಬರಿಯಾಗುವ ವಿಷಯ ಇದು. ನೇಗಿಲು, ಟ್ರ್ಯಾಕ್ಟರ್ ಶತಮಾನಗಟ್ಟಲೆ ಕಲಕಿದ ಮೇಲ್ಮಣ್ಣಿನಲ್ಲಿ ಪದರ ಅನ್ನುವುದು ಉಳಿದಿರುವುದಿಲ್ಲ. ಅದು ಸಾಮಾನ್ಯವಾಗಿ 30-40 ಸೆಂಟಿಮೀಟರ್ ಇರುತ್ತದೆ. ಅದನ್ನು ಹಲ್ಲಿಲ್ಲದ ಅಗಲ ಬಕೆಟ್ಟಿನಿಂದ ತೆಳುವಾಗಿ ಕೆರೆದು ತೆಗೆಯುತ್ತಾರೆ. ಪಕ್ಕದಲ್ಲೇ ಅನುಭವಸ್ಥರೊಬ್ಬರು ನಿಂತು ಮಣ್ಣಿನ ಬಣ್ಣ ನೋಡುತ್ತಿರುತ್ತಾರೆ. ಅವರು ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಅಲ್ಲಿಂದ ಮುಂದೆ ಸಲಿಕೆ, ಗುದ್ದಲಿ, ಕರಣೆ. ಗಾರೆಯವರು ಬಳಸುವಂಥದ್ದೇ ಚಿಕ್ಕ ಕರಣೆ ಇಲ್ಲಿನ ಮುಖ್ಯ ಆಯುಧ. ಕುಂಚ ಹೊರಬರುವುದು ಎಲುಬು, ಲೋಹದಂಥ ನಾಜೂಕು ವಸ್ತು ಸಿಕ್ಕಾಗ. ಒದ್ದೆ ಮಣ್ಣಿನ ಮೇಲೆ ಕುಂಚ ಆಡಿಸಿದರೆ ಬಣ್ಣದ ಅಂಚು ಕಲಸಿಹೋಗುತ್ತದೆ.

ಹಳ್ಳಿಗೆ ದೊಡ್ಡ ಜಾಗವನ್ನೇ ಒಟ್ಟಿಗೆ ತೆರೆಯಬೇಕು. ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1930ರ ದಶಕದಲ್ಲಿ ಇಂಗ್ಲೆಂಡಿನ ಮೇಡನ್ ಕ್ಯಾಸಲ್‌ನಲ್ಲಿ ಬಳಸಿ, 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಗೂ ತಂದ ಚೌಕ ಗುಂಡಿಗಳ ಕ್ರಮ ಪದರಗಳನ್ನು ಓದಲು ಬಹಳ ಒಳ್ಳೆಯದು. ಆದರೆ ಮರದ ಮನೆಯೊಂದು ನಾಲ್ಕು ಚೌಕಗಳಿಗೆ ಹಂಚಿಹೋಗಿ, ಅರ್ಧ ಕಂಬಗಳು ನಡುವಿನ ಅಗೆಯದ ಗೋಡೆಯಡಿ ಸಿಕ್ಕಿಕೊಂಡರೆ ಮನೆ ಕಾಣುವುದೇ ಇಲ್ಲ.

ಮರದ ಕಂಬ ಕೊಳೆತುಹೋದ ಮೇಲೆ ಮನೆ ಹೇಗೆ ಸಿಗುತ್ತದೆ?

ಕಂಬ ಹೋದರೂ ಗುಳಿ ಹೋಗುವುದಿಲ್ಲ. ಕಂಬ ನೆಡಲು ಗುಳಿ ತೋಡುತ್ತಾರೆ, ಕಂಬ ನಿಲ್ಲಿಸುತ್ತಾರೆ, ಸುತ್ತ ಮಣ್ಣು ಕಲ್ಲು ಹಾಕಿ ಗುದ್ದುತ್ತಾರೆ. ಆಮೇಲೆ ಕಂಬ ನಿಂತಲ್ಲೇ ಕೊಳೆತರೆ ಅದು ಇದ್ದ ಜಾಗಕ್ಕೆ ಕಪ್ಪು ಮಣ್ಣು ಇಳಿಯುತ್ತದೆ. ಸಾವಿರ ವರ್ಷ ಕಳೆದ ಮೇಲೆ ಹಳದಿ ನೆಲದಲ್ಲಿ ಒಂದು ದುಂಡು ಕಲೆ, ಅದರೊಳಗೆ ಇನ್ನೂ ಕಪ್ಪಾದ ಸಣ್ಣ ದುಂಡು. ಹೊರಗಿನದು ಗುಳಿ, ಒಳಗಿನದು ಕಂಬ. ಕಂಬವನ್ನು ಕಿತ್ತು ಒಯ್ದಿದ್ದರೆ ಒಳಗಿನ ದುಂಡು ಇರುವುದಿಲ್ಲ, ಗುಳಿಯ ಬಾಯಿ ಒಂದು ಕಡೆ ಅಗಲವಾಗಿರುತ್ತದೆ.

ಇಂಥ ಕಲೆಗಳ ಸಾಲೇ ಮನೆ. ಮಧ್ಯ ಯೂರೋಪಿನ ಮೊದಲ ರೈತರ ಉದ್ದಮನೆಗಳಿಗೆ ಐದು ಸಾಲು ಕಂಬ. ಉದ್ದ 20 ಮೀಟರ್ ದಾಟುವುದು ಅಪರೂಪವೇನಲ್ಲ. ಚೆಕ್ ದೇಶದ ಬಿಲಾನಿಯಲ್ಲಿ 1953ರಿಂದ ನಡೆದ ಅಗೆತದಲ್ಲಿ ಇಂಥ ಮನೆಗಳು ಒಂದರ ಮೇಲೊಂದು ಬಿದ್ದುಕೊಂಡ ಹಾಗೆ ಸಿಕ್ಕವು. ಬ್ರಿಟನ್ನಿನ ಕಬ್ಬಿಣದ ಯುಗದವರದು ದುಂಡು ಮನೆ.

ಎಲ್ಲ ಕಲೆಯೂ ಕಂಬವಲ್ಲ ಅನ್ನುವುದನ್ನು ನೆನಪಿಡಿ. ಮರದ ಬೇರು, ಮೊಲದ ಬಿಲ, ಹೆಗ್ಗಣದ ಬಿಲ ಎಲ್ಲವೂ ಮೇಲಿನಿಂದ ಒಂದೇ ಥರ. ಅದಕ್ಕೇ ಪ್ರತಿ ಕಲೆಯನ್ನೂ ಮೊದಲು ಅರ್ಧ ಮಾತ್ರ ತೆಗೆಯುತ್ತಾರೆ. ಉಳಿದರ್ಧದ ಮುಖದಲ್ಲಿ ಅಡ್ಡಕೊಯ್ತ ಕಾಣುತ್ತದೆ. ಬಿಲವಾದರೆ ಓರೆಯಾಗಿ ಎತ್ತಲೋ ಓಡಿಹೋಗುತ್ತದೆ. ಕಂಬದ ಗುಳಿಯಾದರೆ ನೆಟ್ಟಗೆ ಇಳಿದು ತಳ ಮುಟ್ಟುತ್ತದೆ. ಫೋಟೋ, ಚಿತ್ರ, ಅಳತೆ, ಮಣ್ಣಿನ ಬಣ್ಣ ಎಲ್ಲ ಬರೆದುಕೊಂಡ ಮೇಲೆ ಮಿಕ್ಕರ್ಧ.

ಇಷ್ಟೊಂದು ಗುಂಡಿ ಯಾಕೆ ತೋಡಿದರು? ಗುಂಡಿಯಲ್ಲಿ ವಾಸವಿದ್ದರಾ?

ಹಿಂದೆ ದೊಡ್ಡ ವಿದ್ವಾಂಸರೂ ಹಾಗೇ ನಂಬಿದ್ದರು. ಜರ್ಮನಿಯ ಕೊಲೋನ್-ಲಿಂಡೆನ್‌ಥಾಲ್‌ನಲ್ಲಿ 1929ರಿಂದ 1934ರವರೆಗೆ ನವಶಿಲಾಯುಗದ ಹಳ್ಳಿಯೊಂದನ್ನು ಅಗೆದರು. ಅಂಕುಡೊಂಕಾದ ಗುಂಡಿಗಳೇ ಮನೆಗಳು, ಪಕ್ಕದ ಉದ್ದ ಕಟ್ಟಡಗಳು ಕಣಜಗಳು ಅಂತ ತೀರ್ಮಾನಿಸಿದರು. ಈಗ ಎಲ್ಲರೂ ಒಪ್ಪುವುದು ತದ್ವಿರುದ್ಧ. ಜನ ಇದ್ದದ್ದು ಉದ್ದಮನೆಯಲ್ಲಿ. ಗುಂಡಿಗಳು ಗೋಡೆಗೆ ಮಣ್ಣು ತೆಗೆದ ಜಾಗ.

ಬ್ರಿಟನ್ನಿನಲ್ಲಿ ಈ ನಂಬಿಕೆ ಕೆಡವಿದವರು ಗೆರ್ಹಾರ್ಡ್ ಬೆರ್ಸು. ನಾಜಿಗಳ ಕಾಟದಿಂದ ಜರ್ಮನಿ ಬಿಟ್ಟು ಬಂದ ಇವರು 1938-39ರಲ್ಲಿ ಸಾಲ್ಸ್‌ಬರಿ ಹತ್ತಿರದ ಲಿಟ್ಲ್ ವುಡ್‌ಬರಿಯನ್ನು ಅಗೆದರು. ಜನ ವಾಸವಿದ್ದದ್ದು ಕಂಬದ ದುಂಡು ಮನೆಯಲ್ಲಿ, ಗುಂಡಿಗಳು ಕಾಳು ತುಂಬುವ ಹಗೇವುಗಳು ಅಂತ ತೋರಿಸಿದರು. ಯುದ್ಧ ಶುರುವಾದ ಮೇಲೆ ಜರ್ಮನ್ ಅನ್ನುವ ಕಾರಣಕ್ಕೆ ಬ್ರಿಟಿಷರು ಇವರನ್ನು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಕೂಡಿಹಾಕಿದರು. ಮನುಷ್ಯ ಅಲ್ಲೂ ಸುಮ್ಮನೆ ಕೂರಲಿಲ್ಲ. ಜೊತೆಯ ಬಂದಿಗಳನ್ನು ಸೇರಿಸಿಕೊಂಡು ಅಲ್ಲಿನ ಹಳೆಯ ದುಂಡು ಮನೆಗಳನ್ನೂ ಅಗೆದರು.

ನೆಲದೊಳಗೆ ಕಾಳು ಕೆಡುವುದಿಲ್ಲವೇ? ಇದನ್ನು ಪೀಟರ್ ರೆನಾಲ್ಡ್ಸ್ 1970ರ ದಶಕದಲ್ಲಿ ಬಟ್ಸರ್‌ನ ಪ್ರಯೋಗದ ಹೊಲದಲ್ಲಿ ಮಾಡಿಯೇ ನೋಡಿದರು. ಹಗೇವಿನ ಬಾಯಿ ಗಾಳಿಯಾಡದಂತೆ ಮೆತ್ತಿದರೆ ಅಂಚಿನ ಕಾಳುಗಳು ಸ್ವಲ್ಪ ಮೊಳೆಯುತ್ತವೆ. ಆಗ ಒಳಗಿನ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಮೊಳೆಯುವುದೂ ನಿಲ್ಲುತ್ತದೆ, ಹುಳವೂ ಬದುಕುವುದಿಲ್ಲ. ನಡುವಿನ ಕಾಳು ಚಳಿಗಾಲ ಕಳೆದು ಬಿತ್ತನೆಗೂ ಬರುತ್ತದೆ. ಹಗೇವು ಇಟ್ಟ ಮನೆಗಳವರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ ಬಿಡಿ.

ಈಗ ಮುಖ್ಯ ಮಾತು. ಗುಂಡಿಯಲ್ಲಿ ಸಿಕ್ಕಿದ್ದು ಗುಂಡಿಯ ಕೆಲಸವನ್ನು ಹೇಳುವುದಿಲ್ಲ. ಹಗೇವು ಹಳತಾದ ಮೇಲೆ ಅದಕ್ಕೆ ಬೂದಿ, ಒಡೆದ ಮಡಕೆ, ಎಲುಬು ಸುರಿಯುತ್ತಾರೆ. ನಮಗೆ ಸಿಗುವುದು ಆ ಕಸ. ಅಂದರೆ ತೋಡಿದವರ ಕಥೆ ಗುಂಡಿಯ ಆಕಾರದಲ್ಲಿ, ಮುಚ್ಚಿದವರ ಕಥೆ ಒಳಗಿನ ಮಣ್ಣಿನಲ್ಲಿ. ಎರಡರ ನಡುವೆ ಹತ್ತು ವರ್ಷ ಇರಬಹುದು, ಜಾಸ್ತಿಯೂ ಇರಬಹುದು. ಎಲ್ಲವೂ ಕಸವೂ ಅಲ್ಲ. ಇಂಗ್ಲೆಂಡಿನ ಡೇನ್‌ಬರಿಯ ಬೆಟ್ಟದ ಕೋಟೆಯಲ್ಲಿ ಬ್ಯಾರಿ ಕನ್ಲಿಫ್ 1969ರಿಂದ 1988ರವರೆಗೆ ಅಗೆದಾಗ ಕೆಲವು ಹಗೇವುಗಳ ತಳದಲ್ಲಿ ಇಡೀ ಪ್ರಾಣಿಗಳು, ಮನುಷ್ಯರ ಎಲುಬುಗಳು ಬೇಕೆಂದೇ ಇಟ್ಟ ಹಾಗೆ ಸಿಕ್ಕವು. ಹರಕೆಯೋ ಇನ್ನೇನೋ.

ಹಾಗಾದರೆ ಮಧ್ಯಯುಗದ ತಗ್ಗುಮನೆಗಳು?

ಅವು ಬೇರೆ, ನಿಜವಾದ ಕಟ್ಟಡಗಳೇ. ಸುಮಾರು 3ರಿಂದ 4 ಮೀಟರ್ ಉದ್ದದ ಆಯತಾಕಾರದ ತಗ್ಗು, ಎರಡು ತುದಿಗೆ ಒಂದೊಂದು ಕಂಬ ಅಥವಾ ಒಟ್ಟು ಆರು ಕಂಬ, ಮೇಲೆ ಹುಲ್ಲಿನ ಚಾವಣಿ. ಪೂರ್ವ ಮತ್ತು ಮಧ್ಯ ಯೂರೋಪಿನ ಸ್ಲಾವ್ ಜನಾಂಗದವರ ಹಳ್ಳಿಗಳಲ್ಲಿ ಮೂಲೆಗೊಂದು ಕಲ್ಲಿನ ಒಲೆ ಇರುತ್ತದೆ. ಒಲೆ ಇದ್ದಲ್ಲಿ ಜನ ವಾಸವಿದ್ದರು ಅನ್ನಲು ಅಡ್ಡಿಯಿಲ್ಲ. ರೋಮನ್ನರ ಕಾಲದ ನಂತರ ಇಂಗ್ಲೆಂಡಿನಲ್ಲಿ ನೆಲೆಸಿದ ಆಂಗ್ಲೋ-ಸ್ಯಾಕ್ಸನ್ನರ ತಗ್ಗುಮನೆಗಳಲ್ಲಿ ಒಲೆ ಕಡಿಮೆ, ಮಗ್ಗಕ್ಕೆ ಕಟ್ಟುವ ಮಣ್ಣಿನ ತೂಕಗಳು ಜಾಸ್ತಿ. ನೇಯ್ಗೆಯ ಕೊಠಡಿ, ಉಗ್ರಾಣ ಆಗಿದ್ದಿರಬಹುದು.

ತಗ್ಗಿನ ತಳವೇ ನೆಲವೋ, ಅಥವಾ ಮೇಲೆ ಹಲಗೆ ಹಾಸಿ ತಗ್ಗನ್ನು ಖಾಲಿ ಬಿಟ್ಟಿದ್ದರೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಸಫೋಕ್‌ನ ವೆಸ್ಟ್ ಸ್ಟೋದಲ್ಲಿ 1965ರಿಂದ 1972ರವರೆಗೆ ಸ್ಟ್ಯಾನ್ಲಿ ವೆಸ್ಟ್ ಇಂಥ ಸುಮಾರು 70 ಕಟ್ಟಡ ಅಗೆದು, ಹಲಗೆಯ ನೆಲದ ಪರ ವಾದಿಸಿದರು. ನನಗೂ ಕೆಲವು ಕಡೆ ಅದೇ ಸರಿ ಅನ್ನಿಸುತ್ತದೆ. ತುಳಿದು ಗಟ್ಟಿಯಾದ ನೆಲ ತಗ್ಗಿನ ತಳದಲ್ಲಿ ಸಿಗದಿದ್ದರೆ ಜನ ಓಡಾಡಿದ್ದು ಎಲ್ಲಿ? ಆದರೆ ಒಲೆ ತಳದಲ್ಲೇ ಕೂತಿರುವ ಸ್ಲಾವ್ ಮನೆಗಳಿಗೆ ಈ ವಾದ ಒಗ್ಗುವುದಿಲ್ಲ.

ಎರಡೂ ಕಾಲದವರು ಒಂದೇ ಜಾಗ ಆರಿಸಿದ್ದು ಯಾಕೆ? ಊರು ಒಂದೇ ಸಮನೆ ಮುಂದುವರಿಯಿತಾ?

ಸಾಮಾನ್ಯವಾಗಿ ಇಲ್ಲ. ನಡುವೆ ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಖಾಲಿ. ಆದರೆ ರೈತನಿಗೆ ಬೇಕಾದ್ದು ಬದಲಾಗಲಿಲ್ಲ. ಹತ್ತಿರ ತೊರೆ, ಆದರೆ ನೆರೆ ಬಾರದಷ್ಟು ಎತ್ತರ. ನೀರು ಬಸಿದುಹೋಗುವ ನೆಲ. ಗಾಳಿ ತಂದು ಸುರಿದ ನುಣ್ಣನೆ ಲೋಸ್ ಮಣ್ಣಿದ್ದರೆ ಕೇಳುವುದೇ ಬೇಡ. ಅಂಥ ಜಾಗಕ್ಕೆ ಯಾವ ಕಾಲದವರೂ ಬರುತ್ತಾರೆ.

ಊರು ಅಲ್ಲಾಡದೆ ನಿಂತಿತ್ತು ಅಂತಲೂ ಅಲ್ಲ. ಡೆನ್ಮಾರ್ಕಿನ ವೋರ್ಬಾಸ್ಸೆಯಲ್ಲಿ 1974ರಿಂದ 1987ರವರೆಗೆ ಅಗೆದು ನೋಡಿದರೆ, ಕ್ರಿ.ಪೂ. 1ನೇ ಶತಮಾನದಿಂದ ಮಧ್ಯಯುಗದವರೆಗೆ ಊರು ಅದೇ ಸುತ್ತಿನಲ್ಲಿ ಮತ್ತೆ ಮತ್ತೆ ಜಾಗ ಬದಲಿಸಿದ್ದು ಗೊತ್ತಾಯಿತು. ಥೇಮ್ಸ್ ನದಿಯ ಬಾಯಿಯ ಮಕಿಂಗ್‌ನಲ್ಲಿ ಮಾರ್ಗರೆಟ್ ಜೋನ್ಸ್ ಮತ್ತು ಟಾಮ್ ಜೋನ್ಸ್ 1965ರಿಂದ 1978ರವರೆಗೆ ಜಲ್ಲಿಗಣಿಯ ಯಂತ್ರಗಳ ಮುಂದೆ ಮುಂದೆ ಓಡುತ್ತಾ ಅಗೆದರು. 200ಕ್ಕೂ ಜಾಸ್ತಿ ತಗ್ಗುಮನೆಗಳು ಸಿಕ್ಕವು. ಅಷ್ಟೂ ಒಂದೇ ಕಾಲದಲ್ಲಿ ಇದ್ದ ದೊಡ್ಡ ಊರು ಅಂದುಕೊಳ್ಳಬೇಡಿ. ಮನೆಗಳು ತಲೆಮಾರಿನಿಂದ ತಲೆಮಾರಿಗೆ ಪಕ್ಕಕ್ಕೆ ಸರಿಯುತ್ತಾ ಹೋಗಿವೆ.

ಯಾವ ಗುಂಡಿ ಹಳೆಯದು, ಯಾವುದು ಹೊಸದು ಅಂತ ಹೇಗೆ ಹೇಳುತ್ತೀರಿ?

ಒಂದು ಗುಂಡಿ ಇನ್ನೊಂದನ್ನು ಕತ್ತರಿಸಿದ್ದರೆ ಕತ್ತರಿಸಿದ್ದೇ ಹೊಸದು. ಇಷ್ಟೇ ನಿಯಮ. ಗುಂಡಿ ತೋಡಿದ್ದು, ತುಂಬಿದ್ದು, ಮೇಲೆ ಗೋಡೆ ಬಂದದ್ದು, ಅದು ಬಿದ್ದದ್ದು ಪ್ರತಿಯೊಂದಕ್ಕೂ ಬೇರೆ ನಂಬರ್ ಕೊಡುತ್ತಾರೆ. ಯಾವುದರ ಮೇಲೆ ಯಾವುದು ಅನ್ನುವುದನ್ನು ವಂಶವೃಕ್ಷದ ಹಾಗೆ ಬರೆಯುವ ಕ್ರಮವನ್ನು ಎಡ್ವರ್ಡ್ ಹ್ಯಾರಿಸ್ 1973ರಲ್ಲಿ ರೂಪಿಸಿದರು. ಈಗಲೂ ಅದೇ ನಡೆಯುತ್ತಿದೆ. ತೊಂದರೆ ಬರುವುದು ಗುಂಡಿಗಳು ಒಂದಕ್ಕೊಂದು ತಾಗದೇ ಇದ್ದಾಗ. ಹಳ್ಳಿಗಳಲ್ಲಿ ಹೆಚ್ಚಿನವು ಹಾಗೇ ಇರುತ್ತವೆ.

ಕಾಲ ಗೊತ್ತುಮಾಡುವುದು ಇಂಗಾಲದ ಪರೀಕ್ಷೆಯಿಂದಲ್ವಾ?

ಮೊದಲು ಮಡಕೆಯಿಂದ. ಮಣ್ಣಿನಲ್ಲಿ ಬೆರೆಸಿದ ಮರಳು, ಕಂಠದ ತಿರುವು, ಗೀರಿದ ಚಿತ್ತಾರ ನೋಡಿ ಅನುಭವಸ್ಥರು ಶತಮಾನ ಹೇಳಿಬಿಡುತ್ತಾರೆ. ಕೈಯಲ್ಲೇ ಮಾಡಿದ, ಚಿತ್ತಾರವಿಲ್ಲದ ಸ್ಲಾವ್ ಮಡಕೆಗಳಿಗೆ 1940ರಲ್ಲಿ ಇವಾನ್ ಬೊರ್ಕೊವ್ಸ್ಕಿ 'ಪ್ರಾಗ್ ಮಾದರಿ' ಅಂತ ಹೆಸರಿಟ್ಟರು. 6-7ನೇ ಶತಮಾನಕ್ಕೆ ಅದು ಗುರುತು. ಅಲೆಅಲೆಯಾದ ಗೆರೆಗಳು ಬಂದರೆ ಆಮೇಲಿನದು. ಕಷ್ಟ ಏನೆಂದರೆ ಚಿತ್ತಾರವಿಲ್ಲದ ಒರಟು ಚೂರೊಂದೇ ಸಿಕ್ಕರೆ ಅದು ಕಬ್ಬಿಣದ ಯುಗದ್ದೋ ಮಧ್ಯಯುಗದ್ದೋ ಅಂತ ಪಳಗಿದವರೂ ತಡವರಿಸುತ್ತಾರೆ.

ಇಂಗಾಲದ ಪರೀಕ್ಷೆ, ಅಂದರೆ ಸತ್ತ ಗಿಡ, ಪ್ರಾಣಿಯಲ್ಲಿ ಕಾಲ ಕಳೆದಂತೆ ಕಡಿಮೆಯಾಗುವ ಇಂಗಾಲ-14 ಎಷ್ಟು ಉಳಿದಿದೆ ಅಂತ ಅಳೆಯುವ ರೇಡಿಯೋಕಾರ್ಬನ್ ವಿಧಾನವನ್ನು ವಿಲ್ಲರ್ಡ್ ಲಿಬ್ಬಿ ಮತ್ತು ಜೊತೆಗಾರರು 1949ರಲ್ಲಿ ಲೋಕಕ್ಕೆ ತೋರಿಸಿದರು. ಅದಕ್ಕೆ ಯಾವುದನ್ನು ಕಳಿಸುತ್ತೀರಿ ಅನ್ನುವುದೇ ದೊಡ್ಡ ಪ್ರಶ್ನೆ. ಓಕ್ ಮರದ ನಡುವಿನ ಇದ್ದಿಲು ಕೊಟ್ಟರೆ ಸಿಗುವುದು ಆ ಉಂಗುರ ಬೆಳೆದ ಕಾಲ. ಒಲೆ ಹಚ್ಚಿದ್ದು ಅದಕ್ಕಿಂತ ನೂರಿನ್ನೂರು ವರ್ಷ ಈಚೆಗಿರಬಹುದು. ಕರಕಲಾದ ಕಾಳು ಒಂದೇ ವರ್ಷದ ಬೆಳೆ, ಅದಕ್ಕೇ ಅದೇ ಮೇಲು. ಆದರೂ ಬಿಲ ತೋಡುವ ಪ್ರಾಣಿ, ಎರೆಹುಳು ಆ ಕಾಳನ್ನು ಬೇರೆ ಪದರಕ್ಕೆ ಇಳಿಸಿರಬಹುದು. ಇನ್ನು ಕ್ರಿ.ಪೂ. 800ರಿಂದ 400ರ ನಡುವೆ ಆ ಅಳತೆಯನ್ನು ಕ್ಯಾಲೆಂಡರ್ ವರ್ಷಕ್ಕೆ ಬದಲಿಸುವ ಹೊಂದಾಣಿಕೆಯ ರೇಖೆ ಸಮತಟ್ಟಾಗಿದೆ. ಆ ಅವಧಿಯ ಯಾವ ಮಾದರಿ ಕೊಟ್ಟರೂ ಉತ್ತರ ಶತಮಾನಗಳಷ್ಟು ಅಗಲ. ಕಬ್ಬಿಣದ ಯುಗದವರ ಹಣೆಬರಹ.

ಚಿನ್ನ ಸಿಕ್ಕಿತಾ?

ದಿನಕ್ಕೊಬ್ಬರಾದರೂ ಕೇಳುತ್ತಾರೆ. ಇಲ್ಲ. ಹಳ್ಳಿಯಲ್ಲಿ ಸಿಗುವುದು ಬೋಕಿ, ಎಲುಬು, ಬೀಸುವ ಕಲ್ಲು, ಕದಿರಿಗೆ ಹಾಕುವ ಬಿಲ್ಲೆ, ಕಬ್ಬಿಣದ ಕಿಟ್ಟ, ಕೊಂಬಿನ ಬಾಚಣಿಗೆ, ಸವೆದ ಚಾಕು. ಸುಟ್ಟ ಗೋಡೆಯ ಮಣ್ಣುಂಡೆಯೂ ಬೆಲೆಬಾಳುತ್ತದೆ. ಅದರ ಮೇಲೆ ತಡಿಕೆಯ ಕಡ್ಡಿಗಳ ಅಚ್ಚು ಹಾಗೇ ಇರುತ್ತದೆ.

ಅಪರೂಪಕ್ಕೆ ಅದೃಷ್ಟ ಖುಲಾಯಿಸುತ್ತದೆ. ಕೇಂಬ್ರಿಜ್‌ಶೈರ್‌ನ ಮಸ್ಟ್ ಫಾರ್ಮ್‌ನಲ್ಲಿ ಸುಮಾರು ಕ್ರಿ.ಪೂ. 850ರಲ್ಲಿ ನದಿಯ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳು ಒಂದು ವರ್ಷವೂ ಕಳೆಯದೆ ಬೆಂಕಿ ಬಿದ್ದು ನೀರಿಗೆ ಕುಸಿದವು. ಕೆಸರಿನಲ್ಲಿ ಗಾಳಿ ಇಲ್ಲದ ಕಾರಣ 2015-16ರ ಅಗೆತದಲ್ಲಿ ಬಟ್ಟೆ, ದಾರದುಂಡೆ, ಆಹಾರ ಅಂಟಿದ ಬೋಗುಣಿ ಎಲ್ಲ ಸಿಕ್ಕವು. ಮಾಮೂಲಿ ಹಳ್ಳಿಯಲ್ಲಿ ಏನೇನು ಕೊಳೆತುಹೋಗಿದೆ ಅಂತ ಅದನ್ನು ನೋಡಿದರೆ ಅಂದಾಜಾಗುತ್ತದೆ.

ಚೀಲಗಟ್ಟಲೆ ಮಣ್ಣು ಯಾಕೆ ಒಯ್ಯುತ್ತೀರಿ?

ತೊಳೆಯಲು. ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಕರಕಲಾದ ಕಾಳು, ಹೊಟ್ಟು, ಕಳೆಬೀಜ ತೇಲುತ್ತವೆ. ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಆರಿಸುತ್ತಾರೆ. ಮೊದಲ ರೈತರಲ್ಲಿ ಜವೆಗೋಧಿ, ಐನ್‌ಕಾರ್ನ್ ಗೋಧಿ. ಬರಗು ಯೂರೋಪಿಗೆ ಕಾಲಿಟ್ಟದ್ದು ಕಂಚಿನ ಯುಗದಲ್ಲಿ. ಮಧ್ಯಯುಗಕ್ಕೆ ಬಂದರೆ ರೈ ಅನ್ನುವ ಧಾನ್ಯ ಎದ್ದು ಕಾಣುತ್ತದೆ. ಕಾಳು ಮಾತ್ರ ಇದ್ದು ಹೊಟ್ಟು ಇಲ್ಲದಿದ್ದರೆ ಒಕ್ಕಣೆ ಬೇರೆಡೆ ನಡೆದಿರಬಹುದು. ಕಳೆಬೀಜ ನೋಡಿ ಹೊಲ ತೇವದ್ದೋ ಒಣದೋ ಹೇಳಬಹುದು. ನನ್ನ ಮಟ್ಟಿಗೆ ಇಡೀ ಅಗೆತದ ಅತಿ ರುಚಿಕರ ಭಾಗ ಇದೇ. ಸಂದರ್ಶಕರು ಮಾತ್ರ ತೊಳೆಯುವ ಡ್ರಮ್ಮಿನ ಕಡೆ ತಿರುಗಿಯೂ ನೋಡುವುದಿಲ್ಲ.

ಎಲುಬು ಸಿಗದಿದ್ದರೆ ಅವರು ಮಾಂಸ ತಿನ್ನುತ್ತಿರಲಿಲ್ಲ ಅಂತಲಾ?

ಹಾಗಲ್ಲ. ಹುಳಿ ಮಣ್ಣು ಎಲುಬನ್ನು ಕರಗಿಸುತ್ತದೆ. ಇಂಗ್ಲೆಂಡಿನ ಸಟನ್ ಹೂ ಅನ್ನುವ ಆಂಗ್ಲೋ-ಸ್ಯಾಕ್ಸನ್ ಸ್ಮಶಾನದ ಮರಳಿನಲ್ಲಿ ಹೂತ ದೇಹಗಳೇ ಕರಗಿ ಕಪ್ಪು ಆಕಾರ ಮಾತ್ರ ಉಳಿದಿತ್ತು. ಸುಣ್ಣದ ನೆಲದಲ್ಲಿ ಎಲುಬು ಚೆನ್ನಾಗಿ ಉಳಿಯುತ್ತದೆ. ಆಗ ಹಲ್ಲಿನ ಸವೆತ ನೋಡಿ ಪ್ರಾಣಿಯನ್ನು ಯಾವ ವಯಸ್ಸಿಗೆ ಕಡಿದರು ಅಂತ ಅಂದಾಜು ಮಾಡುತ್ತಾರೆ. ಎಳೆಯದರಲ್ಲೇ ಕಡಿದಿದ್ದರೆ ಮಾಂಸಕ್ಕೆ, ಮುದಿ ದನಗಳಾದರೆ ಹಾಲು, ಉಳುಮೆಗೆ.

ಆಗಿನ ಹಾಗೇ ಮನೆ ಕಟ್ಟಿ ನೋಡುವುದರಿಂದ ಏನು ಸಿಗುತ್ತದೆ?

ನಾವು ಊಹಿಸಿದ ಚಾವಣಿ ನಿಲ್ಲುತ್ತದೋ ಬೀಳುತ್ತದೋ ಗೊತ್ತಾಗುತ್ತದೆ. ನಿಂತ ಮಾತ್ರಕ್ಕೆ ಅವರು ಹಾಗೇ ಕಟ್ಟಿದ್ದರು ಅಂತಲ್ಲ. ಚೆಕ್ ದೇಶದ ಬ್ರೆಝ್ನೊದಲ್ಲಿ ಇವಾನಾ ಪ್ಲೈನೆರೊವಾ ಸ್ಲಾವ್ ತಗ್ಗುಮನೆ ಕಟ್ಟಿಸಿ, ಅದರಲ್ಲಿ ಜನ ವಾಸವಿದ್ದು ನೋಡುವ ಪ್ರಯೋಗವನ್ನೂ ಮಾಡಿಸಿದರು. ವೆಸ್ಟ್ ಸ್ಟೋದಲ್ಲಿ ಹೀಗೆ ಕಟ್ಟಿದ್ದ ಮನೆಯೊಂದು 2005ರಲ್ಲಿ ಸುಟ್ಟುಹೋಯಿತು. ಅಯ್ಯೋ ಅಂತ ಕೂರುವ ಬದಲು ಆ ಬೂದಿಯನ್ನೇ ಪುರಾತತ್ವದ ಕ್ರಮದಲ್ಲಿ ಅಗೆದು, ಸುಟ್ಟ ಮನೆ ಏನು ಗುರುತು ಬಿಡುತ್ತದೆ ಅಂತ ದಾಖಲೆ ಮಾಡಿದರು.

ಇದಕ್ಕೆಲ್ಲ ದುಡ್ಡು ಯಾರದು? ಅಗೆದ ಮೇಲೆ ಜಾಗ ಏನಾಗುತ್ತದೆ?

ಹೆಚ್ಚಿನ ಅಗೆತ ನಡೆಯುವುದು ರಸ್ತೆ, ಗಣಿ, ಬಡಾವಣೆ ಬರುವ ಮುಂಚೆ. ಯೂರೋಪಿನ ದೇಶಗಳು 1992ರಲ್ಲಿ ಮಾಲ್ಟಾದ ವಲೆಟ್ಟಾದಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ದೊಡ್ಡ ಕಾಮಗಾರಿಯಿಂದ ಪುರಾತತ್ವದ ನೆಲೆ ಹಾಳಾಗುವುದಿದ್ದರೆ ಅಗೆತದ ಖರ್ಚಿಗೆ ಆ ಕಾಮಗಾರಿಯ ಕಡೆಯಿಂದಲೇ ಹಣ ಬರಬೇಕು. ಅಗೆದ ಮೇಲೆ ಅಲ್ಲಿ ರಸ್ತೆಯೇ ಬರುತ್ತದೆ. ಬೇಸರದ ವಿಷಯವೇ. ಆದರೆ ಅಗೆಯುವುದು ಅಂದರೂ ಹಾಳುಮಾಡುವುದೇ ಅಲ್ವಾ? ಒಮ್ಮೆ ತೆಗೆದ ಗುಂಡಿಯನ್ನು ಮತ್ತೆ ತೆಗೆಯಲಾಗದು. ಅಪಾಯ ಇಲ್ಲದ ಕಡೆ ಅಗೆಯದೇ ಬಿಡಿ ಅನ್ನುವುದು ಅದಕ್ಕೇ. ಅಗೆದದ್ದನ್ನು ಬರೆದು ಪ್ರಕಟಿಸದಿದ್ದರೆ ಜೆಸಿಬಿಗೂ ನಮಗೂ ವ್ಯತ್ಯಾಸವಿಲ್ಲ. ಇಂಥ ಪ್ರಕಟವಾಗದ ಅಗೆತಗಳು ಎಲ್ಲ ದೇಶದಲ್ಲೂ ಇವೆ.

ನನ್ನ ಹೊಲದಲ್ಲಿ ಬೋಕಿ, ಕಪ್ಪು ಮಣ್ಣಿನ ಕಲೆ ಕಂಡರೆ ಏನು ಮಾಡಲಿ?

ಮತ್ತಷ್ಟು ಅಗೆಯಲು ಹೋಗಬೇಡಿ. ಸಿಕ್ಕ ಜಾಗವನ್ನು ಫೋನಿನಲ್ಲಿ ಗುರುತು ಮಾಡಿ. ಪಕ್ಕದಲ್ಲಿ ಅಳತೆಗೆ ಏನಾದರೂ ಇಟ್ಟು ಫೋಟೋ ತೆಗೆಯಿರಿ. ಚೂರನ್ನು ತಿಕ್ಕಿ ತೊಳೆಯಬೇಡಿ, ಒಳಗೆ ಅಂಟಿದ ಅಡುಗೆಯ ಜಿಡ್ಡೂ ಪರೀಕ್ಷೆಗೆ ಬರುತ್ತದೆ. ಎಲುಬು ಮನುಷ್ಯರದ್ದು ಅನ್ನಿಸಿದರೆ ಮುಟ್ಟದೆ ಪೊಲೀಸರಿಗೆ ಹೇಳಿ. ಉಳಿದದ್ದನ್ನು ಹತ್ತಿರದ ವಸ್ತುಸಂಗ್ರಹಾಲಯಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ. ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಮೊದಲು ಕೇಳಿಕೊಂಡು ಆಮೇಲೆ ಹೊಲಕ್ಕೆ ಇಳಿಯಿರಿ.